ಹೊಸ ಚಿಪ್‌ನಲ್ಲೂ ಹುಟ್ಟುದೋಷ: ಫ್ಲ್ಯಾಶ್ ಮೆಮೊರಿಯ ‘ಕೆಟ್ಟ ಬ್ಲಾಕು’ಗಳ ಗುರುತನ್ನು ಅಳಿಸಬಾರದೇಕೆ?

ಅಂಗಡಿಯಿಂದ ತಂದ ಹೊಸ ಪುಸ್ತಕದಲ್ಲಿ ಹತ್ತು ಹಾಳೆ ಹರಿದಿದ್ದರೆ ಯಾರೂ ಸುಮ್ಮನಿರುವುದಿಲ್ಲ. ಅದನ್ನು ಹಿಂದಿರುಗಿಸಿ ಬೇರೊಂದನ್ನು ಕೇಳುತ್ತಾರೆ. ಆದರೆ ಮೊಬೈಲ್ ಫೋನ್, ಪೆನ್‌ಡ್ರೈವ್, ವೈ-ಫೈ ರೌಟರ್, ಸೆಟ್‌ಟಾಪ್ ಬಾಕ್ಸ್ ಮುಂತಾದ ಸಾಧನಗಳ ಒಡಲಲ್ಲಿ ಕುಳಿತು ಮಾಹಿತಿಯನ್ನು ಕಾಪಿಡುವ ‘ನ್ಯಾಂಡ್ ಫ್ಲ್ಯಾಶ್’ ಎಂಬ ಮೆಮೊರಿ ಚಿಪ್‌ಗೆ ಈ ನಿಯಮ ಅನ್ವಯಿಸದು. ಅದು ಕಾರ್ಖಾನೆಯ ಬಾಗಿಲು ದಾಟುವಾಗಲೇ ಕೆಲವು ಕೆಟ್ಟ ಭಾಗಗಳನ್ನು ಹೊತ್ತು ಬರಬಹುದು. ತಯಾರಕರು ಈ ಸಂಗತಿಯನ್ನು ಮುಚ್ಚಿಡುವುದೂ ಇಲ್ಲ. ಚಿಪ್‌ನ ವಿವರಪತ್ರದಲ್ಲಿಯೇ ಮುದ್ರಿಸಿರುತ್ತಾರೆ.

ಸ್ಯಾಮ್‌ಸಂಗ್ ಕಂಪನಿಯ ಕೆ9ಎಫ್1ಜಿ08 ಸರಣಿಯ 128 ಮೆಗಾಬೈಟ್ ಚಿಪ್ ಇದಕ್ಕೊಂದು ನಿದರ್ಶನ. ಈ ಚಿಪ್‌ನಲ್ಲಿರುವುದು 1024 ಬ್ಲಾಕುಗಳು. ಆದರೆ ಕಂಪನಿ ಖಾತರಿ ನೀಡುವುದು ಕನಿಷ್ಠ 1004 ಬ್ಲಾಕುಗಳಿಗೆ ಮಾತ್ರ. ಉಳಿದ 20 ಬ್ಲಾಕುಗಳು ಹುಟ್ಟಿನಿಂದಲೇ ಕೆಟ್ಟಿರಬಹುದು, ಇಲ್ಲವೇ ನಿಗದಿತ ಬಾಳಿಕೆಯ ಅವಧಿಯಲ್ಲಿ ಕೆಡಬಹುದು. ಹಾಗಿದ್ದೂ ಅದು ಒಳ್ಳೆಯ ಚಿಪ್ ಎಂದೇ ಪರಿಗಣಿತವಾಗುತ್ತದೆ.

ಹಾಗಾದರೆ ಇಂತಹ ಚಿಪ್‌ಗೆ ಮಾಹಿತಿ ಬರೆಯುವವರು ಏನು ಮಾಡಬೇಕು? ಉತ್ತರ ಸರಳವಾದರೂ ಅದರ ಪಾಲನೆ ಸರಳವಲ್ಲ. ದೋಷವನ್ನು ತೊಡೆದುಹಾಕುವ ಪ್ರಯತ್ನಕ್ಕೆ ಇಳಿಯದೆ, ದೋಷದ ದಾಖಲೆಯನ್ನು ಜೋಪಾನವಾಗಿ ಉಳಿಸಿಕೊಳ್ಳಬೇಕು. ಆ ದಾಖಲೆ ಒಮ್ಮೆ ಅಳಿಸಿಹೋದರೆ ಚಿಪ್‌ನ ಯಾವ ಮೂಲೆಯಲ್ಲಿ ಅಪಾಯ ಅಡಗಿದೆ ಎಂಬುದನ್ನು ಖಚಿತವಾಗಿ ಹೇಳುವವರೇ ಇರುವುದಿಲ್ಲ.

ಏನಿದು ಬ್ಲಾಕು?

ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಎಂಜಿನಿಯರ್ ಫುಜಿಯೊ ಮಸುವೊಕಾ ಫ್ಲ್ಯಾಶ್ ಮೆಮೊರಿಯ ಜನಕ. 1984ರಲ್ಲಿ ಅವರು ಈ ಆವಿಷ್ಕಾರವನ್ನು ಲೋಕದ ಮುಂದಿಟ್ಟರು. ಮಾಹಿತಿಯನ್ನು ಒಂದೇ ಏಟಿಗೆ ಅಳಿಸುವ ಪರಿ ಕ್ಯಾಮೆರಾದ ಫ್ಲ್ಯಾಶ್ ಬೆಳಕನ್ನು ನೆನಪಿಸುತ್ತದೆ ಎಂದು ಸಹೋದ್ಯೋಗಿ ಶೋಜಿ ಅರಿಯಿಜುಮಿ ಸೂಚಿಸಿದ ಹೆಸರೇ ಇದಕ್ಕೆ ನಿಂತಿತು. ಹೆಚ್ಚು ಮಾಹಿತಿಯನ್ನು ಕಡಿಮೆ ಜಾಗದಲ್ಲಿ ತುಂಬಬಲ್ಲ ‘ನ್ಯಾಂಡ್’ ಮಾದರಿ 1987ರಲ್ಲಿ ಬಂತು. ಇಂದು ಪೆನ್‌ಡ್ರೈವ್‌ನಿಂದ ಹಿಡಿದು ಎಸ್‌ಎಸ್‌ಡಿವರೆಗೆ ಎಲ್ಲೆಡೆ ಕೆಲಸ ಮಾಡುತ್ತಿರುವುದು ಇದೇ ಮಾದರಿ.

ಈ ಚಿಪ್‌ನ ಒಳರಚನೆಯನ್ನು ಒಂದು ದೊಡ್ಡ ಲೆಕ್ಕದ ಪುಸ್ತಕಕ್ಕೆ ಹೋಲಿಸಬಹುದು. ಮೇಲೆ ಹೇಳಿದ ಚಿಪ್‌ನಲ್ಲಿ ಒಂದು ‘ಪುಟ’ಕ್ಕೆ 2048 ಬೈಟ್ ಮಾಹಿತಿ ಹಿಡಿಸುತ್ತದೆ. ಪುಟದ ಬದಿಯಲ್ಲಿ ಟಿಪ್ಪಣಿಗೆಂದು 64 ಬೈಟ್‌ಗಳ ‘ಅಂಚು’ ಬಿಟ್ಟಿರುತ್ತಾರೆ. ಇಂತಹ 64 ಪುಟಗಳು ಸೇರಿದರೆ ಒಂದು ಬ್ಲಾಕು. ಅಂದರೆ ಒಂದು ಬ್ಲಾಕಿನಲ್ಲಿ 128 ಕಿಲೊಬೈಟ್ ಮಾಹಿತಿ ಇರುತ್ತದೆ.

ಇಲ್ಲಿ ಒಂದು ವಿಚಿತ್ರ ಕಟ್ಟಳೆ ಇದೆ. ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ಬ್ಲಾಕಿನ ಲೆಕ್ಕದಲ್ಲಿ. ಅಳಿಸಿದ ಬ್ಲಾಕಿನಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುತ್ತವೆ. ಬರೆಯುವುದೆಂದರೆ ಬೇಕಾದೆಡೆ 1 ಇದ್ದುದನ್ನು 0 ಮಾಡುವುದು. 0 ಆದದ್ದನ್ನು ಮತ್ತೆ 1 ಮಾಡಬೇಕಾದರೆ ಒಂದು ಪುಟವನ್ನಷ್ಟೇ ಒರೆಸಲು ಬರುವುದಿಲ್ಲ; ಇಡೀ ಬ್ಲಾಕನ್ನೇ ತೊಳೆಯಬೇಕು. ಈ ಕಟ್ಟಳೆಯನ್ನು ನೆನಪಿಟ್ಟರೆ ಮುಂದಿನ ಕಥೆ ತಾನಾಗಿಯೇ ಅರ್ಥವಾಗುತ್ತದೆ.

ದೋಷವಿದ್ದರೂ ಮಾರುವುದೇಕೆ?

ಕಾರಣ ಬೆಲೆ. ಬೆರಳ ಉಗುರಿನಷ್ಟು ಸಿಲಿಕಾನ್ ತುಣುಕಿನ ಮೇಲೆ ನೂರಾರು ಕೋಟಿ ಕೋಶಗಳನ್ನು ಕೆತ್ತುವಾಗ ಎಲ್ಲೋ ಒಂದು ಕಡೆ ಧೂಳಿನ ಕಣ ಕೂರಬಹುದು, ಎಲ್ಲೋ ಒಂದು ಪದರ ತೆಳುವಾಗಬಹುದು. ಒಂದೂ ಕೊರತೆಯಿಲ್ಲದ ಚಿಪ್ ಮಾತ್ರ ಮಾರಾಟಕ್ಕೆ ಯೋಗ್ಯ ಎಂದು ಪಟ್ಟು ಹಿಡಿದರೆ ತಯಾರಾದ ಚಿಪ್‌ಗಳಲ್ಲಿ ಬಹುಪಾಲು ಕಸದ ಬುಟ್ಟಿಗೆ ಹೋಗಬೇಕಾದೀತು. ಆಗ ಉಳಿದ ಚಿಪ್‌ಗಳ ದರ ಜನಸಾಮಾನ್ಯರ ಕೈಗೆ ಎಟುಕದು. ನ್ಯಾಂಡ್ ಫ್ಲ್ಯಾಶ್ ಇಷ್ಟು ಅಗ್ಗವಾಗಿರುವುದಕ್ಕೆ ಅದರ ದೋಷಗಳನ್ನು ಒಪ್ಪಿಕೊಂಡಿರುವುದೂ ಒಂದು ಕಾರಣ.

ಒಪ್ಪಿಕೊಳ್ಳಲು ಸಾಧ್ಯವಾದದ್ದಾದರೂ ಹೇಗೆ? ಪ್ರತಿ ಬ್ಲಾಕನ್ನು ಉಳಿದ ಬ್ಲಾಕುಗಳಿಂದ ಬೇರ್ಪಡಿಸುವ ಆಯ್ಕೆಯ ಸ್ವಿಚ್‌ಗಳು ಚಿಪ್‌ನೊಳಗೇ ಇವೆ. ಹೀಗಾಗಿ ಒಂದು ಬ್ಲಾಕು ಕೆಟ್ಟರೆ ಅದರ ಸೋಂಕು ಪಕ್ಕದ ಬ್ಲಾಕಿಗೆ ತಗಲುವುದಿಲ್ಲ. ಬಡಾವಣೆಯೊಂದರಲ್ಲಿ ಕುಸಿಯುವ ನೆಲದ ಕೆಲವು ನಿವೇಶನಗಳಿದ್ದರೆ ಅವುಗಳಿಗೆ ಬೇಲಿ ಹಾಕಿ, ಉಳಿದ ಕಡೆ ಮನೆ ಕಟ್ಟಿಕೊಂಡು ನೆಮ್ಮದಿಯಾಗಿ ಇರಬಹುದಲ್ಲವೇ? ಹಾಗೆಯೇ ಇದು. ಆದರೆ ಒಂದು ಷರತ್ತು: ಬೇಲಿ ಎಲ್ಲೆಲ್ಲಿದೆ ಎಂಬುದು ಮನೆ ಕಟ್ಟುವವರಿಗೆ ತಿಳಿದಿರಬೇಕು.

ಅಂಚಿನಲ್ಲಿರುವ ಗುರುತು

ಆ ಬೇಲಿಯನ್ನು ಕಾರ್ಖಾನೆಯೇ ಹಾಕಿ ಕಳಿಸುತ್ತದೆ. ಒಳ್ಳೆಯ ಬ್ಲಾಕುಗಳೆಲ್ಲ ಅಳಿಸಿದ ಸ್ಥಿತಿಯಲ್ಲಿ, ಅಂದರೆ ಎಲ್ಲ ಬಿಟ್‌ಗಳೂ 1 ಆಗಿ ಬರುತ್ತವೆ. ಗಣಕದ ಭಾಷೆಯಲ್ಲಿ ಅಂತಹ ಬೈಟ್‌ಗೆ ‘ಎಫ್‌ಎಫ್’ ಎನ್ನುತ್ತಾರೆ. ಕೆಟ್ಟ ಬ್ಲಾಕಾದರೆ ಅದರ ಮೊದಲ ಅಥವಾ ಎರಡನೆಯ ಪುಟದ ಅಂಚಿನ ಮೊದಲ ಬೈಟ್‌ನಲ್ಲಿ ಎಫ್‌ಎಫ್ ಬದಲು ಬೇರೇನಾದರೂ ಇರುತ್ತದೆ. ಅದೇ ಗುರುತು. 512 ಬೈಟ್‌ಗಳ ಪುಟವಿದ್ದ ಹಳೆಯ ಚಿಪ್‌ಗಳಲ್ಲಿ ಈ ಗುರುತು ಅಂಚಿನ 6ನೆಯ ಬೈಟ್‌ನಲ್ಲಿರುತ್ತಿತ್ತು. ಇನ್ನು ಕೆಲವು ಬಗೆಯ ಚಿಪ್‌ಗಳಲ್ಲಿ ಬ್ಲಾಕಿನ ಕೊನೆಯ ಪುಟವನ್ನು ನೋಡಬೇಕಾಗುತ್ತದೆ. ಆದ್ದರಿಂದ ಚಿಪ್‌ಗೆ ಬರೆಯುವ ಮುನ್ನ ಆಯಾ ಚಿಪ್‌ನ ವಿವರಪತ್ರ ಓದುವುದು ಅನಿವಾರ್ಯ.

ಇಲ್ಲೇ ಅಪಾಯ ಅಡಗಿರುವುದು. ಈ ಗುರುತು ಕಲ್ಲಿನ ಶಾಸನವಲ್ಲ. ಮಾಹಿತಿ ಬರೆಯುವ ಅದೇ ಕೋಶಗಳಲ್ಲಿ, ಅದೇ ಶಾಯಿಯಲ್ಲಿ ಬರೆದ ಟಿಪ್ಪಣಿ. ಹೊಸ ಚಿಪ್ ಕೈಗೆ ಬಂದ ಕೂಡಲೇ ‘ಮೊದಲು ಪೂರ್ತಿ ಅಳಿಸಿ, ಆಮೇಲೆ ಬರೆಯೋಣ’ ಎಂದು ಎಲ್ಲ ಬ್ಲಾಕುಗಳಿಗೂ ಅಳಿಸುವ ಆಜ್ಞೆ ಕೊಟ್ಟರೆ ಕೆಟ್ಟ ಬ್ಲಾಕುಗಳ ಗುರುತು ಸಹ ಅಳಿಸಿಹೋಗಬಹುದು. ಆಗ ಚಿಪ್ ನಿಷ್ಕಳಂಕವಾಗಿ ಕಾಣುತ್ತದೆ. ನಿಜಕ್ಕೂ ಆಗಿರುವುದು ಬೇಲಿ ಕಿತ್ತ ಕೆಲಸ. ಕುಸಿಯುವ ನೆಲ ಇದ್ದಲ್ಲಿಯೇ ಇದೆ.

‘ಗುರುತು ಹೋದರೇನು, ನಾವೇ ಪರೀಕ್ಷಿಸಿ ಕೆಟ್ಟದ್ದನ್ನು ಹುಡುಕೋಣ’ ಎಂಬ ವಾದ ಸಹಜ. ಆದರೆ ಅದು ನಿಲ್ಲುವುದಿಲ್ಲ. ಕಾರ್ಖಾನೆಯವರು ಚಿಪ್‌ನ ಪರೀಕ್ಷೆ ನಡೆಸುವುದು ಅತಿ ಕಠಿಣ ಸ್ಥಿತಿಗಳಲ್ಲಿ, ಉಷ್ಣತೆ ಮತ್ತು ವೋಲ್ಟೇಜುಗಳ ತುತ್ತತುದಿಯಲ್ಲಿ. ಅಲ್ಲಿ ಸೋತ ಬ್ಲಾಕು ನಮ್ಮ ಮೇಜಿನ ಮೇಲೆ, ಹಿತವಾದ ಹವೆಯಲ್ಲಿ ಪಾಸಾಗಿಬಿಡಬಹುದು. ಬರೆದದ್ದನ್ನು ಅಂದು ಸರಿಯಾಗಿಯೇ ಓದಿ ಹೇಳಬಹುದು. ತಿಂಗಳುಗಳ ಬಳಿಕ, ಬಿಸಿಲಿಗೆ ಕಾದ ಪೆಟ್ಟಿಗೆಯೊಳಗೆ ಅದೇ ಬ್ಲಾಕು ಕೈಕೊಟ್ಟಾಗ ಸಾಧನ ಗ್ರಾಹಕರ ಮನೆಯಲ್ಲಿರುತ್ತದೆ.

ಈ ಕಾರಣಕ್ಕಾಗಿಯೇ ಲಿನಕ್ಸ್ ಆಧಾರಿತ ಸಾಧನಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ‘ಯು-ಬೂಟ್’ ತಂತ್ರಾಂಶವು ಎರಡು ಬೇರೆ ಬೇರೆ ಆಜ್ಞೆಗಳನ್ನು ಇಟ್ಟುಕೊಂಡಿದೆ. ಸಾಮಾನ್ಯ ಅಳಿಸುವಿಕೆ ಕೆಟ್ಟ ಬ್ಲಾಕುಗಳನ್ನು ಮುಟ್ಟದೆ ದಾಟಿಹೋಗುತ್ತದೆ. ‘ಸ್ಕ್ರಬ್’ ಎಂಬ ಇನ್ನೊಂದು ಆಜ್ಞೆ ಅವನ್ನೂ ಉಜ್ಜಿಹಾಕುತ್ತದೆ. ಆದರೆ ಅದಕ್ಕೆ ಮೊದಲು, ಕಾರ್ಖಾನೆಯ ಗುರುತುಗಳು ಅಳಿಸಿಹೋದರೆ ಅವನ್ನು ಮರಳಿ ಪಡೆಯುವ ನಂಬಲರ್ಹ ಮಾರ್ಗವಿಲ್ಲ ಎಂದು ಎಚ್ಚರಿಸಿ ಒಪ್ಪಿಗೆ ಕೇಳುತ್ತದೆ. ಈ ಎಚ್ಚರಿಕೆಯನ್ನು ಓದದೆ ‘ಹೌದು’ ಎಂದು ಒತ್ತುವುದು ದುಬಾರಿಯಾದೀತು.

ಬರೆಯಲು ಎರಡು ದಾರಿ

ಗುರುತುಗಳನ್ನು ಓದಿ ಪಟ್ಟಿ ಮಾಡಿಕೊಂಡ ಬಳಿಕ ಬರೆಯುವ ಕೆಲಸ. ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ‘ದಾಟಿಹೋಗುವ’ ವಿಧಾನ. ಹತ್ತು ಬ್ಲಾಕುಗಳಷ್ಟು ಮಾಹಿತಿಯನ್ನು 0ಯಿಂದ 9ರವರೆಗಿನ ಬ್ಲಾಕುಗಳಲ್ಲಿ ಬರೆಯಬೇಕಿದೆ ಎಂದುಕೊಳ್ಳಿ. 3ನೆಯ ಸಂಖ್ಯೆಯ ಬ್ಲಾಕು ಕೆಟ್ಟಿದೆ. ಆಗ 0, 1, 2 ಸ್ವಸ್ಥಾನದಲ್ಲಿ ಕೂರುತ್ತವೆ. 3ಕ್ಕೆ ಹೋಗಬೇಕಿದ್ದ ಮಾಹಿತಿ 4ಕ್ಕೆ, 4ರದ್ದು 5ಕ್ಕೆ ಸರಿಯುತ್ತಾ ಕೊನೆಯದು 10ಕ್ಕೆ ಬಂದು ನಿಲ್ಲುತ್ತದೆ. ಸಿನಿಮಾ ಮಂದಿರದಲ್ಲಿ ಮುರಿದ ಕುರ್ಚಿಯೊಂದಿದ್ದರೆ ಪ್ರೇಕ್ಷಕರೆಲ್ಲ ಒಂದೊಂದು ಸ್ಥಾನ ಸರಿದು ಕುಳಿತ ಹಾಗೆ.

ವಿಧಾನ ಸುಲಭ. ಆದರೆ ಹತ್ತು ಬ್ಲಾಕಿನ ಮಾಹಿತಿಗೆ ಹನ್ನೊಂದು ಬ್ಲಾಕಿನ ಜಾಗ ಬೇಕಾಯಿತು ಎಂಬುದನ್ನು ಗಮನಿಸಬೇಕು. ಸಾಧನಗಳ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಚಾಲನೆಯ ತಂತ್ರಾಂಶಕ್ಕೆ ಒಂದು ವಿಭಾಗ, ಕಾರ್ಯಾಚರಣೆ ವ್ಯವಸ್ಥೆಗೆ ಒಂದು, ಬಳಕೆದಾರರ ಮಾಹಿತಿಗೆ ಮತ್ತೊಂದು ಎಂದು ಗಡಿ ಹಾಕಿರುತ್ತಾರೆ. ಮೊದಲ ವಿಭಾಗಕ್ಕೆ ಸರಿಯಾಗಿ ಹತ್ತೇ ಬ್ಲಾಕು ಕೊಟ್ಟಿದ್ದರೆ ಸರಿದುಬಂದ ಕೊನೆಯ ತುಂಡು ನೆರೆಯ ವಿಭಾಗದ ಹೊಸ್ತಿಲಲ್ಲಿ ಬೀಳುತ್ತದೆ. ಮುಂದೆ ಆ ವಿಭಾಗಕ್ಕೆ ಬರೆಯುವಾಗ ಈ ತುಂಡು ಅಳಿದುಹೋಗುತ್ತದೆ. ಆದ್ದರಿಂದ ಪ್ರತಿ ವಿಭಾಗದಲ್ಲೂ ಕೆಲವು ಬ್ಲಾಕುಗಳನ್ನು ಹೆಚ್ಚುವರಿಯಾಗಿ ಬಿಡಬೇಕು. ಬರೆಯುವ ಯಂತ್ರವು ಗಡಿ ದಾಟುವ ಬದಲು ಅಲ್ಲಿಯೇ ನಿಂತು ‘ಈ ಚಿಪ್ ಇಲ್ಲಿಗೆ ಹೊಂದದು’ ಎಂದು ತಿರಸ್ಕರಿಸಬೇಕು.

ಎರಡನೆಯದು ‘ಮೀಸಲು’ ವಿಧಾನ. 1024 ಬ್ಲಾಕುಗಳ ಪೈಕಿ 0ಯಿಂದ 999ರವರೆಗೆ ಬಳಕೆಗೆ, ಉಳಿದ 24 ಮೀಸಲು ಎಂದು ತೀರ್ಮಾನಿಸಬಹುದು. 3ನೆಯ ಬ್ಲಾಕು ಕೆಟ್ಟಿದ್ದರೆ ಅದರ ಪಾಲಿನ ಮಾಹಿತಿ 1000ನೆಯ ಬ್ಲಾಕಿಗೆ ಹೋಗುತ್ತದೆ. ಬೇರೆ ಯಾರೂ ಸರಿಯಬೇಕಿಲ್ಲ. ಆದರೆ ‘3ರ ಬದಲಿಗೆ 1000’ ಎಂದು ತಿಳಿಸುವ ನಕ್ಷೆಯೊಂದನ್ನು ಚಿಪ್‌ನಲ್ಲಿಯೇ ಸುರಕ್ಷಿತವಾಗಿ ಇಡಬೇಕು. ನಕ್ಷೆ ಕಳೆದರೆ ವಿಳಾಸವೇ ಕಳೆದಂತೆ.

ಯಾವ ದಾರಿ ಹಿಡಿದರೂ ಬರೆಯುವವರು ಮತ್ತು ಓದುವವರು ಒಂದೇ ನಿಯಮಕ್ಕೆ ಬದ್ಧರಾಗಿರಬೇಕು. ಕಾರ್ಖಾನೆಯ ಯಂತ್ರ ಕೆಟ್ಟ ಬ್ಲಾಕನ್ನು ದಾಟಿ ಬರೆದು, ಸಾಧನದ ಚಾಲನಾ ತಂತ್ರಾಂಶ ಮಾತ್ರ ದಾಟದೆ ಓದಿದರೆ 3ನೆಯ ಬ್ಲಾಕಿನಲ್ಲಿ ಅದಕ್ಕೆ ಸಿಗುವುದು ಕಸ. ಸಾಧನ ಆರಂಭವಾಗುವುದೇ ಇಲ್ಲ. ಚಿಪ್ ಸರಿಯಿದೆ, ಬರೆದದ್ದೂ ಸರಿಯಿದೆ, ಆದರೂ ಕೆಲಸ ನಡೆಯದು.

ಹಾಗಾದರೆ ಇಷ್ಟೆಲ್ಲ ನಿಯಮ ತಿಳಿಸುವ ತಂತ್ರಾಂಶವೇ ಕೆಟ್ಟ ಬ್ಲಾಕಿನಲ್ಲಿ ಕುಳಿತರೆ ಗತಿ ಏನು? ಅದಕ್ಕೂ ಉಪಾಯವಿದೆ. ಮೇಲೆ ಹೇಳಿದಂತಹ ಚಿಪ್‌ಗಳು ಕಾರ್ಖಾನೆಯಿಂದ ಹೊರಬರುವಾಗ ಮೊಟ್ಟಮೊದಲ ಬ್ಲಾಕು ಸುಸ್ಥಿತಿಯಲ್ಲಿರುತ್ತದೆ ಎಂದು ತಯಾರಕರು ಖಾತರಿ ಕೊಡುತ್ತಾರೆ. ಚಾಲನೆಯ ಮೊದಲ ಹೆಜ್ಜೆಯನ್ನು ಅಲ್ಲಿಡುವುದು ರೂಢಿ.

ನಕಲು ಮಾಡುವಾಗಿನ ಎಡವಟ್ಟು

ದುರಸ್ತಿ ಮಾಡುವವರು ಹಾಗೂ ಸಣ್ಣ ತಯಾರಕರು ಹೆಚ್ಚಾಗಿ ಎಡವುವುದು ಇಲ್ಲಿ. ಚೆನ್ನಾಗಿ ಕೆಲಸ ಮಾಡುತ್ತಿರುವ ಒಂದು ಸಾಧನದ ಚಿಪ್ ಕಳಚಿ, ಅದರಲ್ಲಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿಕೊಂಡು, ಹಾಗೆಯೇ ಹೊಸ ಚಿಪ್‌ಗೆ ಇಳಿಸುವುದು ಸುಲಭವೆಂದು ತೋರುತ್ತದೆ. ಬೇರೆ ಬಗೆಯ ಮೆಮೊರಿಗಳಲ್ಲಿ ಈ ಉಪಾಯ ಫಲಿಸುವುದೂ ಉಂಟು. ನ್ಯಾಂಡ್ ಫ್ಲ್ಯಾಶ್‌ನಲ್ಲಿ ಫಲಿಸುವುದು ಅದೃಷ್ಟವಿದ್ದರೆ ಮಾತ್ರ.

ಏಕೆಂದರೆ ಎರಡು ಚಿಪ್‌ಗಳ ಕೆಟ್ಟ ಬ್ಲಾಕುಗಳು ಒಂದೇ ಸ್ಥಳದಲ್ಲಿರಬೇಕೆಂದಿಲ್ಲ. ಮೂಲ ಚಿಪ್‌ನಲ್ಲಿ 3ನೆಯ ಬ್ಲಾಕು ಕೆಟ್ಟಿದ್ದು, ಹೊಸ ಚಿಪ್‌ನಲ್ಲಿ 7ನೆಯದು ಕೆಟ್ಟಿದೆ ಎಂದುಕೊಳ್ಳಿ. ಕುರುಡು ನಕಲಿನಿಂದ ಎರಡು ಅನಾಹುತಗಳಾಗುತ್ತವೆ. ಮೂಲದ 3ನೆಯ ಬ್ಲಾಕಿನ ಗುರುತು ಹೊಸ ಚಿಪ್‌ಗೂ ಇಳಿದು, ಅಲ್ಲಿನ ಆರೋಗ್ಯವಂತ ಬ್ಲಾಕು ಸುಳ್ಳೇ ಕಳಂಕ ಹೊರುತ್ತದೆ. ಅತ್ತ ನಿಜವಾಗಿ ಕೆಟ್ಟಿರುವ 7ನೆಯ ಬ್ಲಾಕಿಗೆ ಮಹತ್ವದ ಮಾಹಿತಿ ಬೀಳುತ್ತದೆ. ಇದರ ಜೊತೆಗೆ, ಬಳಸಿದ ಚಿಪ್‌ನಲ್ಲಿ ಅಲ್ಲಲ್ಲಿ ತಿರುಚಿಕೊಂಡ ಬಿಟ್‌ಗಳೂ ತಿದ್ದುಪಡಿಯಾಗದೆ ನಕಲಿಗೆ ಸೇರುತ್ತವೆ.

ಸರಿಯಾದ ಕ್ರಮವೆಂದರೆ ಮೂಲದಿಂದ ಶುದ್ಧ ಮಾಹಿತಿಯನ್ನು ಮಾತ್ರ, ದೋಷಗಳನ್ನು ತಿದ್ದಿ, ಕೆಟ್ಟ ಬ್ಲಾಕುಗಳನ್ನು ಬಿಟ್ಟು ಎತ್ತಿಕೊಳ್ಳುವುದು. ನಂತರ ಹೊಸ ಚಿಪ್‌ನ ಗುರುತುಗಳನ್ನು ಓದಿ, ಅದರ ಮೈಕಟ್ಟಿಗೆ ತಕ್ಕಂತೆ ಹೊಸದಾಗಿ ಜೋಡಿಸುವುದು. ಬರೆದ ಮೇಲೆ ಮತ್ತೊಮ್ಮೆ ಓದಿ ತಾಳೆ ನೋಡುವುದು. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸುವ ಕೆಲಸ ಇದಲ್ಲ. ಬಟ್ಟೆ ಒಂದೇ ಆದರೂ ಹೊಲಿಗೆ ಬೇರೆಯೇ ಆಗಬೇಕು.

ಬಳಕೆಯಲ್ಲಿ ಹುಟ್ಟುವ ದೋಷ

ಹುಟ್ಟುದೋಷದ ಕಥೆ ಇಷ್ಟಾದರೆ ಬಳಕೆಯಲ್ಲಿ ಬರುವ ದೋಷದ ಕಥೆ ಬೇರೆ. ಪ್ರತಿ ಬಾರಿ ಬರೆಯುವಾಗ ಮತ್ತು ಅಳಿಸುವಾಗ ಅಧಿಕ ವೋಲ್ಟೇಜಿನ ಒತ್ತಡದಿಂದ ಎಲೆಕ್ಟ್ರಾನ್‌ಗಳು ಅತಿ ತೆಳುವಾದ ನಿರೋಧಕ ಪದರವನ್ನು ಹಾದುಹೋಗುತ್ತವೆ. ಹಾದುಹೋದಷ್ಟೂ ಪದರ ಸವೆಯುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ಚಿಪ್‌ಗಳು ಸುಮಾರು 1 ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳಿಕೊಳ್ಳಬಲ್ಲವು. ಎರಡು ಬಿಟ್ ಇಡುವ ಚಿಪ್‌ಗಳ ತಾಳಿಕೆ ಸಾಮಾನ್ಯವಾಗಿ 3 ಸಾವಿರದಿಂದ 10 ಸಾವಿರ ಸಲ. ಮೂರು ಬಿಟ್ ತುಂಬಿದರೆ ತಾಳಿಕೆ ಇನ್ನಷ್ಟು ತಗ್ಗುತ್ತದೆ.

ಅಳಿಸಿದ ಅಥವಾ ಬರೆದ ಪ್ರತಿ ಸಲವೂ ಚಿಪ್ ತನ್ನ ಸ್ಥಿತಿಯನ್ನು ವರದಿ ಮಾಡುತ್ತದೆ. ಕೆಲಸ ವಿಫಲವಾದರೆ ಅದನ್ನು ತಿಳಿಸುವ ಬಿಟ್ ಒಂದಿದೆ. ಅದನ್ನು ಓದದೆ ಮುಂದೆ ಸಾಗುವ ತಂತ್ರಾಂಶ, ರಶೀದಿ ನೋಡದೆ ಹಣ ಕಟ್ಟಿ ಬರುವವರಿದ್ದಂತೆ. ಬರೆಯುವುದು ವಿಫಲವಾದರೆ ಅದೇ ಬ್ಲಾಕಿನಲ್ಲಿ ಈಗಾಗಲೇ ಇರುವ ಒಳ್ಳೆಯ ಪುಟಗಳನ್ನು ಮೊದಲು ಬೇರೊಂದು ಬ್ಲಾಕಿಗೆ ಸಾಗಿಸಬೇಕು. ಆಮೇಲಷ್ಟೇ ಹಳೆಯ ಬ್ಲಾಕಿಗೆ ‘ಕೆಟ್ಟಿದೆ’ ಎಂಬ ಗುರುತು.

ಓದುವಾಗ ಕಂಡುಬರುವ ತಪ್ಪಿಗೆ ಮಾತ್ರ ನಿಯಮ ಬೇರೆ. ಒಂದೆರಡು ಬಿಟ್ ತಿರುಚಿಕೊಳ್ಳುವುದು ಈ ಚಿಪ್‌ಗಳಲ್ಲಿ ಸರ್ವೇಸಾಮಾನ್ಯ. ಅದನ್ನು ತಿದ್ದಲೆಂದೇ ಪುಟದ ಅಂಚಿನಲ್ಲಿ ದೋಷ ತಿದ್ದುವ ಸಂಕೇತಗಳನ್ನು ಬರೆದಿಟ್ಟಿರುತ್ತಾರೆ. ತಿದ್ದಬಹುದಾದ ತಪ್ಪಿಗೆ ಇಡೀ ಬ್ಲಾಕನ್ನು ಬಹಿಷ್ಕರಿಸುವುದು ಸಲ್ಲದು; ಮಾಹಿತಿಯನ್ನು ತಿದ್ದಿ ಬೇರೆಡೆ ಹೊಸದಾಗಿ ಬರೆದರೆ ಸಾಕು. 2007ರಲ್ಲಿ ಲಿನಕ್ಸ್‌ಗೆ ಸೇರ್ಪಡೆಯಾದ ‘ಯುಬಿಐ’ ಎಂಬ ವ್ಯವಸ್ಥೆಯಂತೂ ಅನುಮಾನ ಬಂದ ಬ್ಲಾಕನ್ನು ಒಮ್ಮೆಲೇ ಕೈಬಿಡುವುದಿಲ್ಲ. ಬೇರೆ ಬೇರೆ ವಿನ್ಯಾಸದ ಮಾಹಿತಿಯನ್ನು ಬರೆದು, ಓದಿ, ಅಳಿಸಿ ಪರೀಕ್ಷಿಸುತ್ತದೆ. ಸೋತರೆ ಮಾತ್ರ ಗುರುತು ಹಾಕುತ್ತದೆ. ಪ್ರತಿ 1024 ಬ್ಲಾಕಿಗೆ 20 ಕೆಡಬಹುದೆಂದು ಅದು ಮೊದಲೇ ಲೆಕ್ಕ ಹಾಕಿ ಜಾಗ ಕಾದಿರಿಸುತ್ತದೆ. ಆರಂಭದಲ್ಲಿ ಹೇಳಿದ 1004ರ ಲೆಕ್ಕವೇ ಇಲ್ಲಿಯೂ ಇದೆ.

ಗುರುತುಗಳನ್ನು ಪದೇ ಪದೇ ಹುಡುಕುವ ಬದಲು ಒಂದೇ ಕಡೆ ಪಟ್ಟಿ ಮಾಡಿಡುವ ಕ್ರಮವೂ ಲಿನಕ್ಸ್‌ನಲ್ಲಿದೆ. ಬ್ಲಾಕೊಂದಕ್ಕೆ 2 ಬಿಟ್‌ನಂತೆ 1024 ಬ್ಲಾಕುಗಳ ಸ್ಥಿತಿಗತಿ ಕೇವಲ 256 ಬೈಟ್‌ನಲ್ಲಿ ಅಡಗುತ್ತದೆ. ಈ ಪಟ್ಟಿಯನ್ನು ಚಿಪ್‌ನ ಕೊನೆಯ ಭಾಗದಲ್ಲಿ ಎರಡು ಪ್ರತಿ ಇಡುವುದುಂಟು. ಕೆಟ್ಟ ಬ್ಲಾಕುಗಳ ಪಟ್ಟಿಯನ್ನೇ ಇಟ್ಟ ಬ್ಲಾಕು ಕೆಟ್ಟರೂ ಕೆಲಸ ನಿಲ್ಲಬಾರದು ಎಂಬ ಮುಂದಾಲೋಚನೆ ಇದು.

ಮಂಗಳನ ಅಂಗಳದಲ್ಲಿ ಮರೆವು

ಕೆಟ್ಟ ಕೋಶಗಳನ್ನು ಗುರುತಿಸಿ ದೂರವಿಡುವ ಈ ಕೆಲಸ ಭೂಮಿಗೆ ಸೀಮಿತವಲ್ಲ. ಅಮೆರಿಕದ ನಾಸಾ ಸಂಸ್ಥೆಯ ‘ಆಪರ್ಚುನಿಟಿ’ ಗಾಡಿ ಮಂಗಳ ಗ್ರಹದಲ್ಲಿ ಇಳಿದದ್ದು 2004ರ ಜನವರಿಯಲ್ಲಿ. ಮೂರು ತಿಂಗಳ ಕೆಲಸಕ್ಕೆಂದು ಹೋದ ಗಾಡಿ ಹತ್ತು ವರ್ಷ ದಾಟಿದರೂ ಓಡುತ್ತಲೇ ಇತ್ತು. ಅದರ 256 ಮೆಗಾಬೈಟ್ ಫ್ಲ್ಯಾಶ್ ಮೆಮೊರಿಯೂ ಅಷ್ಟೇ ಕಾಲ ದುಡಿದು ದಣಿದಿತ್ತು. ವಿದ್ಯುತ್ ಆರಿಸಿ ‘ನಿದ್ದೆ’ ಹೋಗುವ ರಾತ್ರಿಗಳಲ್ಲಿ ಮಾಹಿತಿಯನ್ನು ಉಳಿಸಿಕೊಳ್ಳಲು ಗಾಡಿಗೆ ಇದ್ದ ಆಸರೆ ಇದೊಂದೇ.

2014ರ ಆಗಸ್ಟ್ ತಿಂಗಳೊಂದರಲ್ಲೇ ಗಾಡಿಯ ಕಂಪ್ಯೂಟರ್ ಹನ್ನೆರಡು ಬಾರಿ ತಾನಾಗಿ ಮರುಚಾಲನೆಗೊಂಡಿತು. ಸವೆದ ಕೋಶಗಳೇ ಕಾರಣವಿರಬೇಕು ಎಂದು ಶಂಕಿಸಿದ ಎಂಜಿನಿಯರುಗಳು ಕೋಟ್ಯಂತರ ಕಿಲೊಮೀಟರ್ ದೂರದಿಂದಲೇ ಫ್ಲ್ಯಾಶ್ ಮೆಮೊರಿಯನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸಲು ನಿರ್ಧರಿಸಿದರು. ಈ ಕೆಲಸದಲ್ಲಿ ಕೆಟ್ಟ ಕೋಶಗಳನ್ನು ಪತ್ತೆ ಹಚ್ಚಿ, ಮುಂದೆ ಅವನ್ನು ಬಳಸದಂತೆ ಗುರುತು ಹಾಕುವುದೂ ಸೇರಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಈ ಕೆಲಸ ನಡೆಯಿತು.

ತೊಂದರೆ ಮತ್ತೆ ಮರುಕಳಿಸಿದಾಗ ಫ್ಲ್ಯಾಶ್‌ನ ಏಳು ವಿಭಾಗಗಳ ಪೈಕಿ 7ನೆಯದರ ಮೇಲೆ ಅನುಮಾನ ಗಟ್ಟಿಯಾಯಿತು. 2015ರಲ್ಲಿ ಹೊಸ ತಂತ್ರಾಂಶ ಕಳಿಸಿ, ಆ ವಿಭಾಗವನ್ನು ಲೆಕ್ಕದಿಂದಲೇ ಬಿಡುವಂತೆ ಮಾಡಲಾಯಿತು. ಆ ಬಳಿಕವೂ ಮರೆವು ಪೂರ್ತಿ ವಾಸಿಯಾಗಲಿಲ್ಲ. ಫ್ಲ್ಯಾಶ್ ಬಳಸದೆ, ನಿದ್ದೆಗೆ ಮುನ್ನ ಆಯಾ ದಿನದ ಮಾಹಿತಿಯನ್ನು ಭೂಮಿಗೆ ರವಾನಿಸುವ ಕ್ರಮಕ್ಕೂ ತಂಡ ಮೊರೆಹೋಯಿತು. ಆದರೂ ಗಾಡಿ ನಿಲ್ಲಲಿಲ್ಲ. 2015ರ ಮಾರ್ಚ್‌ನಲ್ಲಿ ಮ್ಯಾರಥಾನ್ ಓಟದಷ್ಟು, ಅಂದರೆ 42.195 ಕಿ.ಮೀ. ದೂರವನ್ನು ಅದು ಕ್ರಮಿಸಿತು. 2018ರ ಜೂನ್‌ನಲ್ಲಿ ಕೊನೆಯ ಸಂದೇಶ ಬರುವವರೆಗೂ ದುಡಿಯಿತು. ಕೊನೆಗೆ ಅದರ ಸದ್ದಡಗಿಸಿದ್ದು ಧೂಳಿನ ಬಿರುಗಾಳಿಯೇ ಹೊರತು ಕೆಟ್ಟ ಮೆಮೊರಿಯಲ್ಲ.

ಮೀಸಲು ಮುಗಿದಾಗ

ಕೆಟ್ಟದ್ದನ್ನು ಬದಿಗಿಟ್ಟು ಒಳ್ಳೆಯದನ್ನು ಬಳಸುವ ಉಪಾಯಕ್ಕೂ ಮಿತಿಯಿದೆ. ಬದಲಿಗೆ ಕೊಡಲು ಒಳ್ಳೆಯ ಬ್ಲಾಕುಗಳು ಇರುವವರೆಗೆ ಮಾತ್ರ ಅದು ನಡೆಯುತ್ತದೆ. ಇದಕ್ಕೆ ಕಾರು ತಯಾರಿಸುವ ಟೆಸ್ಲಾ ಕಂಪನಿಯ ಪ್ರಕರಣ ಸಾಕ್ಷಿ. 2012ರಿಂದ 2018ರವರೆಗಿನ ಮಾಡೆಲ್ ಎಸ್ ಹಾಗೂ 2016ರಿಂದ 2018ರವರೆಗಿನ ಮಾಡೆಲ್ ಎಕ್ಸ್ ಕಾರುಗಳ ಪೈಕಿ ಹಲವದರ ಪರದೆಯನ್ನು ನಿಯಂತ್ರಿಸುವ ಘಟಕದಲ್ಲಿ 8 ಗಿಗಾಬೈಟ್‌ನ ಫ್ಲ್ಯಾಶ್ ಮೆಮೊರಿ ಇತ್ತು. ಕಾರು ಓಡಿದಂತೆಲ್ಲ ಬರೆದು ಅಳಿಸುವ ಕೆಲಸ ಸಾಗಿ, ವರ್ಷಗಳು ಕಳೆದಂತೆ ಮೆಮೊರಿಯ ಬಾಳಿಕೆ ತೀರತೊಡಗಿತು. ಹಾಗೆ ತೀರಿದಾಗ ಹಿಂಬದಿಯ ಕ್ಯಾಮೆರಾ ದೃಶ್ಯ, ಗಾಜಿನ ಮಂಜು ತೆಗೆಯುವ ನಿಯಂತ್ರಣದಂತಹ ಸುರಕ್ಷತಾ ಸೌಲಭ್ಯಗಳೇ ಕೈಕೊಡುವ ಸ್ಥಿತಿ ಬಂತು.

2021ರ ಜನವರಿಯಲ್ಲಿ ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಸುಮಾರು 1.58 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸುವಂತೆ ಕಂಪನಿಯನ್ನು ಕೇಳಿತು. ಮರುತಿಂಗಳು ಕಂಪನಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಲು ಒಪ್ಪಿತು. ಪರಿಹಾರವಾಗಿ ಅಳವಡಿಸಿದ್ದು 64 ಗಿಗಾಬೈಟ್‌ನ ಮೆಮೊರಿ. ಜಾಗ ಹೆಚ್ಚಿದರೆ ಸವೆತ ಹಂಚಿಹೋಗುತ್ತದೆ ಎಂಬುದೇ ಇಲ್ಲಿನ ತರ್ಕ. ಸಣ್ಣ ಚಿಪ್‌ನ ಬಾಳಿಕೆಯನ್ನು ಮೊದಲೇ ಲೆಕ್ಕ ಹಾಕದಿದ್ದರೆ ದುಬಾರಿ ವಾಹನವೂ ಗ್ಯಾರೇಜಿನ ದಾರಿ ಹಿಡಿಯಬೇಕಾಗುತ್ತದೆ ಎಂಬುದು ಈ ಪ್ರಕರಣದ ಪಾಠ.

ಬಳಕೆದಾರರು ಗಮನಿಸಬೇಕಾದದ್ದು

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಮೊಬೈಲ್ ಫೋನ್, ಎಸ್‌ಎಸ್‌ಡಿಗಳಲ್ಲಿ ಮೇಲೆ ವಿವರಿಸಿದ ಕೆಲಸವನ್ನೆಲ್ಲ ಒಳಗಿರುವ ನಿಯಂತ್ರಕವೇ ತೆರೆಮರೆಯಲ್ಲಿ ಮಾಡುತ್ತದೆ. ಬಳಕೆದಾರರ ಕಣ್ಣಿಗೆ ಕೆಟ್ಟ ಬ್ಲಾಕು ಬೀಳುವುದೇ ಇಲ್ಲ. ಹಾಗೆಂದು ಅದು ಇಲ್ಲವೆಂದಲ್ಲ. ಆದ್ದರಿಂದ ಕೆಲವು ಸಂಗತಿಗಳನ್ನು ನೆನಪಿಟ್ಟುಕೊಳ್ಳುವುದು ಒಳಿತು.

ಪೆನ್‌ಡ್ರೈವ್ ಇಲ್ಲವೇ ಕಾರ್ಡ್ ಒಂದು ದಿನ ಇದ್ದಕ್ಕಿದ್ದಂತೆ ‘ಓದಬಹುದು, ಬರೆಯಲಾಗದು’ ಎಂಬ ಸ್ಥಿತಿಗೆ ಬಂದರೆ ಮೀಸಲು ಬ್ಲಾಕುಗಳು ಮುಗಿದಿರುವ ಸಾಧ್ಯತೆ ಇದೆ. ಆಗ ದುರಸ್ತಿಯ ಸಾಹಸಕ್ಕಿಂತ ಮೊದಲು ಒಳಗಿರುವುದನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಎಸ್‌ಎಸ್‌ಡಿ ಇರುವವರು ಅದರ ಆರೋಗ್ಯ ತೋರಿಸುವ ತಂತ್ರಾಂಶದಲ್ಲಿ ಬದಲಾಯಿಸಿದ ಬ್ಲಾಕುಗಳ ಸಂಖ್ಯೆ ಏರುತ್ತಿದೆಯೇ ಎಂದು ಆಗಾಗ ನೋಡಬಹುದು. ಒಂದೆರಡು ಇದ್ದರೆ ಗಾಬರಿಯಾಗಬೇಕಿಲ್ಲ. ಸಂಖ್ಯೆ ವೇಗವಾಗಿ ಏರತೊಡಗಿದರೆ ತಡಮಾಡಬಾರದು. ಕೆಟ್ಟ ಪೆನ್‌ಡ್ರೈವನ್ನು ‘ಸರಿಪಡಿಸುವ’ ಹೆಸರಿನ ಕೆಲವು ಉಪಕರಣಗಳು ನಿಯಂತ್ರಕದ ಹಳೆಯ ಪಟ್ಟಿಯನ್ನೇ ಅಳಿಸಿ ಹೊಸದಾಗಿ ಶುರುಮಾಡುತ್ತವೆ. ಅಂತಹ ಪೆನ್‌ಡ್ರೈವ್ ಮತ್ತೆ ಕೆಲಸ ಮಾಡಬಹುದು, ಆದರೆ ಅದಕ್ಕೆ ಮಗುವಿನ ಮೊದಲ ಹೆಜ್ಜೆಯ ಚಿತ್ರವನ್ನೋ ಮನೆಯ ಪತ್ರಗಳನ್ನೋ ನಂಬಿ ಒಪ್ಪಿಸುವಂತಿಲ್ಲ. ಮುಖ್ಯವಾದ ಯಾವುದೇ ಮಾಹಿತಿಗೆ ಬೇರೊಂದು ಕಡೆ ಇನ್ನೊಂದು ಪ್ರತಿ ಇರಲೇಬೇಕು.

ದೋಷವಿಲ್ಲದ ಚಿಪ್ ತಯಾರಿಸುವುದಕ್ಕಿಂತ ದೋಷ ಎಲ್ಲಿದೆ ಎಂದು ಪ್ರಾಮಾಣಿಕವಾಗಿ ಬರೆದುಕೊಡುವುದು ಅಗ್ಗ ಎಂಬ ಸರಳ ಲೆಕ್ಕಾಚಾರದ ಮೇಲೆ ಈ ಇಡೀ ಉದ್ಯಮ ನಿಂತಿದೆ. ಕಾರ್ಖಾನೆ ತನ್ನ ಪಾಲಿನ ಮಾತನ್ನು ಪುಟದ ಅಂಚಿನಲ್ಲಿ ಬರೆದು ಕಳಿಸುತ್ತದೆ. ಅದನ್ನು ಅಳಿಸುವ ಮುನ್ನ ಓದುವುದು ಚಿಪ್‌ಗೆ ಬರೆಯುವವರ ಹೊಣೆ.